ಹದಿನೇಳನೇ ಕುರಿ

ಅತನೂರ

ಸಾರ್ಡಿನಿಯಾ ಎಲ್ಲಿದೆ ಎಂದು ನಮ್ಮ ಅವ್ವನಿಗೆ ತಿಳಿಸಿಕೊಡುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ಇಟಲಿ ದೇಶಕ್ಕೆ ಸೇರಿದ್ದು ಎಂದೆ, ತಿಳಿಯಲಿಲ್ಲ. ಸಮುದ್ರದ ನಡುವಿನ ದ್ವೀಪ, ಅಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು ಎಂದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

“ಕುರಿ ನೋಡಾಕ ಅಷ್ಟ ದೂರ ಹೋಗ್ತಿ ಏನ ಬೇ? ಜೇವರ್ಗಿಯೊಳಗ ಕುರಿ ಇಲ್ಲೇನು?”

ಇವೆ. ಜೇವರ್ಗಿಯಲ್ಲಿ ಪಶುವೈದ್ಯಳಾಗಿ ನಾನು ಇಷ್ಟು ವರ್ಷ ನೋಡಿದ್ದು ಹೆಚ್ಚಾಗಿ ಅವನ್ನೇ. ನಮ್ಮ ಕುರಿಗಳು ಬಿಸಿಲು ತಡೆಯುತ್ತವೆ, ದಿನಕ್ಕೆ ಎಷ್ಟು ಹರದಾರಿಯಾದರೂ ನಡೆಯುತ್ತವೆ. ಆದರೆ ಅವಳಿ ಮರಿ ಹಾಕಿದರೆ ಹಾಲು ಸಾಲುವುದಿಲ್ಲ. ಒಂದು ಮರಿ ದಪ್ಪಗಾಗುತ್ತದೆ, ಇನ್ನೊಂದು ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು ಒಂದು ದಿನ ಏಳುವುದಿಲ್ಲ. ಅಂಥ ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ತಂದವರಿಗೆ ನಾನು ಎಷ್ಟು ಸಲ “ತಡಾ ಆತ್ರಿ” ಎಂದಿದ್ದೇನೋ ಲೆಕ್ಕವಿಲ್ಲ.

ಸಾರ್ಡಿನಿಯಾದಲ್ಲಿ ಇದಕ್ಕೊಂದು ಲಸಿಕೆಯ ಪ್ರಯೋಗ ನಡೆದಿತ್ತು. ರೋಗಕ್ಕಲ್ಲ, ಹಾರ್ಮೋನಿಗೆ ಎದುರಾಗಿ ಹಾಕುವ ಲಸಿಕೆ. ಎರಡು ತಿಂಗಳು ಅಲ್ಲಿದ್ದು ಕಲಿತು, ನಮ್ಮ ಕಡೆಗೆ ಇದು ಹೊಂದುತ್ತದೆಯೋ ಇಲ್ಲವೋ ಎಂದು ನಮ್ಮ ಇಲಾಖೆಗೆ ವರದಿ ಬರೆಯಬೇಕಿತ್ತು. ಅವ್ವನಿಗೆ ಹೀಗೆ ಹೇಳಿದೆ: ಕುರಿಯ ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಬಿಡುತ್ತದೆ. ಹಾಲಿಗೂ ಅದು ಬೇಕು. ಅದು ಅತಿಯಾಗದಿರಲೆಂದು ದೇಹವೇ ಇನ್ನೊಂದು ಹಾರ್ಮೋನಿನಿಂದ ತಡೆಯುತ್ತದೆ, ಅದರ ಹೆಸರು ಸೊಮ್ಯಾಟೊಸ್ಟ್ಯಾಟಿನ್. ಗಬ್ಬದ ಕುರಿಗೆ ಈ ಲಸಿಕೆ ಹಾಕಿದರೆ ಅದರ ರಕ್ತದಲ್ಲಿ ಆ ತಡೆಯನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ತಡೆ ಕಡಿಮೆಯಾದರೆ ಹಾಲು ಹೆಚ್ಚು, ಮರಿ ಗಟ್ಟಿ.

ಅವ್ವ ಮೊರ ಎತ್ತಿಕೊಂಡಳು. “ಎತ್ತಿನ ಮೂಗುದಾಣ ಸಡ್ಲ ಬಿಟ್ಟಂಗ ಅನ್ನು. ಖರೆ, ಪೂರಾ ಬಿಟ್ಟೀರಿ ಮತ್ತ!”

ಅದಾದ ಮೇಲೆ ನಾನು ಯಾರಿಗೆ ವಿವರಿಸಿದರೂ ಅವ್ವನ ಮೂಗುದಾಣವನ್ನೇ ಬಳಸಿದ್ದೇನೆ.

ರೋಮ್ ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಬಟ್ಟೆಗಿಂತ ಖಡಕ್ ರೊಟ್ಟಿಯೇ ಹೆಚ್ಚಿತ್ತು. ರೋಮಿನಲ್ಲಿ ತಪಾಸಣೆಯವನು ಒಂದು ರೊಟ್ಟಿಯನ್ನು ಎತ್ತಿ ಬೆರಳಿನಿಂದ ತಟ್ಟಿದ. ತಗಡಿನ ಹಾಗೆ ಸದ್ದಾಯಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ಅದನ್ನು ದೀಪಕ್ಕೆ ಹಿಡಿದು ನೋಡಿದರು. ತಿನ್ನುವ ವಸ್ತು ಎಂದು ಎಷ್ಟು ಹೇಳಿದರೂ ನಂಬದಿದ್ದಾಗ ನಾನೇ ಒಂದು ಚೂರು ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡೆ. ಮೊದಲನೆಯವನೂ ಒಂದು ಚೂರು ತಿಂದ. ಅವನ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ಕೈ ಬೀಸಿ “ಹೋಗು, ಹೋಗು” ಎಂದ. ಎರಡನೆಯವನು ಮಾತ್ರ ಸುಮ್ಮನೆ ನಿಂತು, ಇನ್ನೊಂದು ಚೂರಿಗೆ ಕೈ ಚಾಚಿದ.

ಸಾರ್ಡಿನಿಯಾದ ಓಲ್ಬಿಯಾದಲ್ಲಿ ಇಳಿದಾಗ ಗ್ರಾಸಿಯಾ ಕಾಯುತ್ತಿದ್ದಳು. ಪ್ರಯೋಗದ ಹೊಣೆ ಹೊತ್ತ ಪಶುವೈದ್ಯೆ, ನನ್ನದೇ ವಯಸ್ಸು, ಸ್ಟೇರಿಂಗ್ ಬಿಟ್ಟು ಎರಡೂ ಕೈಗಳಿಂದ ಮಾತಾಡುವವಳು. ನೂವೊರೊ ಸೀಮೆಯ ಬೆಟ್ಟಗಳ ನಡುವೆ ಕಾರು ಏರುತ್ತಿದ್ದಂತೆ ನಾನು ಹೊರಗಡೆ ನೋಡುವುದಕ್ಕಿಂತ ರಸ್ತೆಯನ್ನೇ ಹೆಚ್ಚು ನೋಡಿದೆ. ನಮ್ಮಲ್ಲಿ ಜೋಳ ಕೊಯ್ಲಿಗೆ ಬರುವ ಆ ದಿನಗಳಲ್ಲಿ ಅಲ್ಲಿ ಮಳೆಗಾಲ. ನೆಲವೆಲ್ಲ ಹಸಿರು, ಹಸಿರಿನ ತುಂಬ ಬಿಳಿ ಕುರಿಗಳು.

ಬಾಕಿಸಿಯೊ ಅಜ್ಜನ ಮನೆ

ಪ್ರಯೋಗದ ನಲವತ್ತು ಕುರಿಗಳು ಇದ್ದದ್ದು ಬಾಕಿಸಿಯೊ ಎಂಬ ಕುರಿಗಾರ ಅಜ್ಜನ ಹಿಂಡಿನಲ್ಲಿ. ಗಬ್ಬದಲ್ಲಿದ್ದಾಗಲೇ ಇಪ್ಪತ್ತಕ್ಕೆ ಲಸಿಕೆ ಹಾಕಿದ್ದರು, ಇಪ್ಪತ್ತಕ್ಕೆ ಇಲ್ಲ; ನಾನು ಹೋಗುವಷ್ಟರಲ್ಲಿ ಎಲ್ಲವೂ ಮರಿ ಹಾಕಿದ್ದವು. ನನಗೂ ಅವನ ಮನೆಯಲ್ಲೇ ಒಂದು ಕೋಣೆ ಕೊಟ್ಟಿದ್ದರು. ಅಜ್ಜನಿಗೂ ಅವನ ಹೆಂಡತಿ ಮಾರಿಯಾಳಿಗೂ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಗ್ರಾಸಿಯಾ ಇದ್ದಾಗ ಅವಳು ತಿಳಿಸುತ್ತಿದ್ದಳು, ಇಲ್ಲದಾಗ ಮಾತನ್ನು ಅನುವಾದಿಸುವ ಫೋನು. ಒಮ್ಮೆ ಒಂದು ಕುರಿಯ ಹಾಲು ಬತ್ತಿದೆಯೇ ಎಂದು ಫೋನಿನಲ್ಲಿ ಕೇಳಿದರೆ, ಅದು ಏನೆಂದು ಅನುವಾದಿಸಿತೋ, ಮಾರಿಯಾ ಒಳಗೆ ಓಡಿಹೋಗಿ ಟವೆಲ್ ತಂದು ನನ್ನ ತಲೆ ಒರೆಸತೊಡಗಿದಳು. ಇಷ್ಟಾದರೂ ನನ್ನ ನೆನಪಿನಲ್ಲಿ ಈಗ ಅವರೆಲ್ಲ ನಮ್ಮ ಅಫಜಲಪುರದ ಕಡೆಯ ಕನ್ನಡವನ್ನೇ ಆಡುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲ ದಿನದ ಊಟಕ್ಕೆ ಮಾರಿಯಾ ಬಟ್ಟೆಯಲ್ಲಿ ಸುತ್ತಿದ್ದ ರೊಟ್ಟಿಯ ಗಂಟೊಂದನ್ನು ಬಿಚ್ಚಿದಳು. ತೆಳ್ಳಗೆ, ಗುಂಡಗೆ, ಮುರಿದರೆ ಪಟ್ ಎನ್ನುವಂಥ ಗೋದಿ ರೊಟ್ಟಿ. ಹಿಂದೆ ಕುರಿಗಾರರು ತಿಂಗಳುಗಟ್ಟಲೆ ಬೆಟ್ಟದಲ್ಲಿ ಇರುತ್ತಿದ್ದಾಗ ಕೆಡದಂತೆ ಕಟ್ಟಿಕೊಂಡು ಹೋಗುತ್ತಿದ್ದದ್ದು. ನಾನು ಎದ್ದುಹೋಗಿ ನನ್ನ ಚೀಲದಿಂದ ಅವ್ವನ ರೊಟ್ಟಿ ತಂದು ಅದರ ಪಕ್ಕದಲ್ಲಿಟ್ಟೆ. ಮಾರಿಯಾ ಎರಡನ್ನೂ ತಟ್ಟಿ ನೋಡಿದಳು. ಆಮೇಲೆ ನನ್ನ ಗಲ್ಲ ಹಿಡಿದು ಏನೋ ಅಂದಳು. ಅದನ್ನು ತಿಳಿಯಲು ಫೋನು ಬೇಕಾಗಲಿಲ್ಲ.

ನಾನು ಮಾಂಸ ತಿನ್ನುವುದಿಲ್ಲ ಎಂಬುದು ಮಾತ್ರ ಅಜ್ಜನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. “ಕುರಿ ಡಾಕ್ಟರ್ ಅದಾಳ, ಕುರಿ ತಿನ್ನಂಗಿಲ್ಲಂತ,” ಎಂದು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದ.

ಅಲ್ಲಿ ನನಗೆ ಬಹಳ ಇಷ್ಟವಾಗುತ್ತಿದ್ದದ್ದು ಸಂಜೆಯ ಹೊತ್ತು. ತಾಯಂದಿರು ಮೇಯಲು ಹೋದಾಗ ಮರಿಗಳನ್ನು ಕೊಟ್ಟಿಗೆಯಲ್ಲೇ ಬಿಟ್ಟಿರುತ್ತಿದ್ದರು. ಸಂಜೆ ಗಂಟೆಗಳ ಸದ್ದು ಗುಡ್ಡದಾಚೆ ಕೇಳಿದ ಕೂಡಲೇ ಮರಿಗಳ ಕೂಗು ಶುರು. ಬಾಗಿಲು ತೆಗೆದರೆ ಒಂದು ಗಳಿಗೆ ಗದ್ದಲವೋ ಗದ್ದಲ, ಆಮೇಲೆ ಪ್ರತಿ ಮರಿಯೂ ತನ್ನ ತಾಯಿಯ ಕೆಳಗೆ, ಊರೆಲ್ಲ ಸುಮ್ಮನೆ. ನಮ್ಮ ಅತನೂರ ಹೊಲದಲ್ಲೂ ಹೀಗೇ ಆಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಅಪ್ಪ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ. ಮಾಳಪ್ಪ ಕಾಕಾ ಎಂಬ ಕುರಿಗಾರ ಬಲೆ ಕಟ್ಟಿ ಮರಿಗಳನ್ನು ಒಳಗಿಡುತ್ತಿದ್ದ. ಶಾಲೆಯಿಂದ ನಾನು ಸೀದಾ ಅಲ್ಲಿಗೇ ಓಡುತ್ತಿದ್ದೆ. ಬಲೆ ಎತ್ತುವ ಕೆಲಸ ನನ್ನದು. ಕುರಿಗಾರರ ಬೆನ್ನು ಹತ್ತಿ ತಿರುಗುತ್ತೇನೆಂದು ಅವ್ವ ಬೈಯುತ್ತಿದ್ದಳು. ಆ ಹೊಲ ಈಗ ಕಬ್ಬಿನದು. ಕುರಿ ನಿಲ್ಲಿಸುವುದು ನಿಂತು ಎಷ್ಟೋ ವರ್ಷವಾಯಿತು. ಬಾಕಿಸಿಯೊ ಅಜ್ಜನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಮೂಗಿಗೆ ಅದೇ ವಾಸನೆ ಬರುತ್ತಿತ್ತು.

ವಾರಕ್ಕೊಮ್ಮೆ ಮರಿಗಳ ತೂಕ, ತಾಯಂದಿರ ಹಾಲಿನ ಅಳತೆ. ಲಸಿಕೆ ಹಾಕಿದ ಕುರಿಗಳಲ್ಲಿ ಕಿವಿಯ ಬಿಲ್ಲೆಯ ಮೇಲೆ ಹದಿನೇಳು ಎಂದಿದ್ದ ಒಂದು ಕುರಿ ಎಲ್ಲರನ್ನೂ ಬೆರಗುಗೊಳಿಸಿತ್ತು. ಅದರ ರಕ್ತದಲ್ಲಿ ಪ್ರತಿಕಾಯ ಚೆನ್ನಾಗಿ ಮೂಡಿತ್ತು. ಮರಿ ಹೊಟ್ಟೆ ತುಂಬ ಕುಡಿದು ಬಿಟ್ಟ ಮೇಲೂ ಕೆಚ್ಚಲು ಖಾಲಿಯಾಗುತ್ತಿರಲಿಲ್ಲ. ಮರಿಯನ್ನು ತಕ್ಕಡಿಯಲ್ಲಿಟ್ಟರೆ ಅಜ್ಜ ಮುಳ್ಳು ನೋಡುವ ಮೊದಲೇ ನಗುತ್ತಿದ್ದ. ನನ್ನ ವರದಿಯ ಕನಸೆಲ್ಲ ಆ ಕುರಿಯ ಬೆನ್ನ ಮೇಲೆ ಕೂತಿತ್ತು ಎಂದರೂ ಸರಿಯೇ.

ಮಳೆಯ ದಿನ

ಐದನೇ ವಾರ ಒಂದು ಗುರುವಾರ ಬೆಳಗಿನಿಂದಲೇ ಮುಗಿಲು ಕಪ್ಪಗೆ ಇಳಿದಿತ್ತು. ಮಧ್ಯಾಹ್ನ ಸುರಿದ ಮಳೆಗೆ ಎದುರಿನ ಗುಡ್ಡವೇ ಕಾಣದಾಯಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮಾರಿಯಾಳಿಗೆ ಫೋನು ಬಂತು. ಕೆಳಗಿನ ಕಣಿವೆಯ ಎಫಿಸಿಯೊ ಎಂಬವನ ಕುರಿಗಳು ಹಳ್ಳದ ದಂಡೆಯಲ್ಲಿ ಮೇಯುತ್ತಿದ್ದಾಗ ಮೇಲಿಂದ ನೀರು ಒಮ್ಮೆಲೇ ಬಂದು ಹಿಂಡನ್ನು ಹೊಡೆದುಕೊಂಡು ಹೋಗಿತ್ತು.

ಬಾಕಿಸಿಯೊ ಅಜ್ಜ ಬೂಟು ಹಾಕಿಕೊಂಡ. ಅವನಿಗೂ ಎಫಿಸಿಯೊಗೂ ಒಂದು ನೀರಿನ ಬುಗ್ಗೆಯ ವಿಷಯಕ್ಕೆ ಒಂಬತ್ತು ವರ್ಷದಿಂದ ಮಾತಿಲ್ಲ ಎಂದು ಗ್ರಾಸಿಯಾ ಮೊದಲೇ ಹೇಳಿದ್ದಳು. ನಾನೂ ಔಷಧಿ ಚೀಲ ಹಿಡಿದು ಅಜ್ಜನ ಗಾಡಿ ಹತ್ತಿದೆ.

ನಾವು ಹೋದಾಗ ನೀರು ಇಳಿದಿತ್ತು. ಬೇಲಿಯ ತಂತಿಗೆ, ಮರದ ಬೇರುಗಳಿಗೆ ಕುರಿಗಳು ಸಿಕ್ಕಿಕೊಂಡು ಬಿದ್ದಿದ್ದವು. ಹಿಂಡಿನ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಎಫಿಸಿಯೊ ಮೊಣಕಾಲಿನವರೆಗೆ ಕೆಸರಲ್ಲಿ ನಿಂತು, ಸತ್ತ ಕುರಿಯೊಂದರ ಕೊರಳಿನಿಂದ ಗಂಟೆ ಬಿಚ್ಚುತ್ತಿದ್ದ. ನೆನೆದ ಪಟ್ಟಿಯ ಗಂಟು ಬಿಚ್ಚಲಾಗುತ್ತಿರಲಿಲ್ಲ. ಅಜ್ಜ ಹತ್ತಿರ ಹೋಗಿ ಪಟ್ಟಿ ಹಿಡಿದುಕೊಂಡ. ಗಂಟೆ ಬಿಚ್ಚಿ ಇಬ್ಬರೂ ಮುಂದಿನ ಕುರಿಯ ಕಡೆ ನಡೆದರು.

ನನ್ನನ್ನು ಇವತ್ತಿಗೂ ಕಾಡುವುದು ಆಮೇಲಿನದು. ಸಂಜೆಯಾಗುತ್ತಿತ್ತು. ಮೇಲಿನ ಕೊಟ್ಟಿಗೆಯಲ್ಲಿ ಮರಿಗಳು ಸುರಕ್ಷಿತವಾಗಿದ್ದವು. ಬದುಕುಳಿದ ಕುರಿಗಳನ್ನು ಹೊಡೆದುಕೊಂಡು ಬಂದಾಗ ಗಂಟೆಯ ಸದ್ದಿಗೆ ಅವು ಎಂದಿನಂತೆ ಕೂಗತೊಡಗಿದವು. ಬಾಗಿಲು ತೆಗೆದರು. ಕೆಲವಕ್ಕೆ ತಾಯಿ ಸಿಕ್ಕಿತು. ಇಪ್ಪತ್ತಕ್ಕೂ ಮಿಕ್ಕಿದ ಮರಿಗಳು ಒಂದು ಕುರಿಯಿಂದ ಇನ್ನೊಂದಕ್ಕೆ ಓಡುತ್ತಾ, ಒದೆಸಿಕೊಳ್ಳುತ್ತಾ, ಮತ್ತೆ ಓಡುತ್ತಾ ಕೂಗುತ್ತಲೇ ಇದ್ದವು. ಆ ಗದ್ದಲ ನಿಲ್ಲಲೇ ಇಲ್ಲ.

ಮರುದಿನದಿಂದ ಮಾರಿಯಾ ಮತ್ತು ನಾನು ಬಾಟಲಿಯಲ್ಲಿ ಪುಡಿ ಹಾಲು ಕುಡಿಸಿದೆವು. ಎರಡು ಮರಿಗಳಿಗೆ ಭೇದಿ ಹತ್ತಿತು. ನನ್ನ ಚೀಲದಲ್ಲಿದ್ದುದನ್ನೆಲ್ಲ ಕೊಟ್ಟರೂ ಶನಿವಾರ ಎರಡೂ ಸತ್ತವು.

ಭಾನುವಾರ

ಭಾನುವಾರ ಬೆಳಿಗ್ಗೆ ಅಜ್ಜ ಕೊಟ್ಟಿಗೆಯೊಳಗೆ ಹೋಗಿ ಹದಿನೇಳನೇ ಕುರಿಯನ್ನೂ ಅದರ ಮರಿಯನ್ನೂ ಹೊರಗೆ ತಂದ. ಗಾಡಿಯ ಹಿಂದೆ ಹುಲ್ಲು ಹಾಸಿತ್ತು. ಎಲ್ಲಿಗೆ ಎಂದು ಕೇಳಿದೆ.

“ಎಫಿಸಿಯೊನ ಮನಿಗಿ. ಊರಾಗ ಒಬ್ಬನ ಹಿಂಡು ಹಾಳಾದ್ರ ಉಳದವರು ಒಂದೊಂದ ಕುರಿ ಕೊಡಬೇಕು. ನಮ್ಮಲ್ಲಿ ಮೊದಲಿಂದ ಹಂಗ ಅದ.”

ಅವರ ಭಾಷೆಯಲ್ಲಿ ಅದನ್ನು ‘ಪರಾದೂರಾ’ ಎನ್ನುತ್ತಾರೆ. ನನಗೆ ಒಳ್ಳೆಯ ಪದ್ಧತಿ ಎನಿಸಿತು. ಆದರೂ ಗಾಡಿಗೆ ಅಡ್ಡ ನಿಂತೆ.

“ಅಜ್ಜಾ, ಹದಿನೇಳ ಬ್ಯಾಡ್ರಿ. ಇದು ಲಸಿಕಿ ಹಾಕಿದ್ದು. ಲಸಿಕಿ ಹಾಕದ ಇಪ್ಪತ್ತಮೂರು ಕೊಡ್ರಿ.”

“ಅದು ಕುಂಟ್ತದ.”

“ಬ್ಯಾರೆ ಯಾವ್ದರ ಕೊಡ್ರಿ. ಲಸಿಕಿ ಹಾಕಿದ ಕುರಿ ಹಾಲು ಚೀಜ್ ಕಾರ್ಖಾನಿಗಿ ಹಾಕಂಗಿಲ್ಲ. ಅವರಿಗಿ ಇದರಿಂದ ಏನ ಉಪಯೋಗ?”

ಅಜ್ಜ ಗಾಡಿಯ ಕೊಂಡಿ ಹಾಕಿ ನನ್ನ ಕಡೆ ತಿರುಗಿದ. “ಅವನಿಗಿ ಮಾರಾಕ ಹಾಲು ಬೇಕಾಗಿಲ್ಲವ್ವಾ. ಮರಿಗೋಳಿಗಿ ಬೇಕಾಗ್ಯದ. ಭಾಳ ಹಾಲ ಇರೋದು ಯಾವ ಕುರಿಗಿ, ನೀನೇ ಅಳದಿ, ನೀನೇ ಬರದಿ.” ಕೊಂಡಿಯನ್ನು ಇನ್ನೊಮ್ಮೆ ಎಳೆದು ನೋಡಿ ಅಂದ, “ನಮಗ ಬ್ಯಾಡಾಗಿದ್ದು ಕೊಟ್ರ ಅದು ಕೊಟ್ಟಂಗಲ್ಲ. ಸಾಗಹಾಕಿದಂಗ.”

ನಮ್ಮ ಆಯಿ ಮಠದ ದಾಸೋಹಕ್ಕೆ ಜೋಳ ಕಳಿಸುವಾಗ ಹೊಸ ಜೋಳವನ್ನೇ ಆರಿಸಿ ಚೀಲ ತುಂಬುತ್ತಿದ್ದಳು. ಹುಳ ಬಿದ್ದದ್ದು ಮನೆಗೆ. ನಾವು ಮೊಮ್ಮಕ್ಕಳು ರೊಟ್ಟಿ ಕಹಿ ಎಂದು ಗೊಣಗಿದರೆ “ಮುಗ್ಗಲ ನಮಗಿರ್ಲಿ, ಬಂದವರಿಗಿ ಯಾಕ?” ಎನ್ನುತ್ತಿದ್ದಳು. ಆ ಮನೆಯಲ್ಲಿ ಬೆಳೆದವಳು ಕುಂಟು ಕುರಿ ಕೊಡಿರೆಂದು ಒಬ್ಬ ಮುದುಕನಿಗೆ ಬುದ್ಧಿ ಹೇಳುತ್ತಿದ್ದೆ.

ಆದರೂ ಹೊಣೆ ಹೊಣೆಯೇ. ಗ್ರಾಸಿಯಾಳಿಗೆ ಫೋನು ಮಾಡಿದೆ. “ನಮ್ಮಪ್ಪನೂ ಕುರಿಗಾರನೇ ಆಗಿದ್ದ. ಅಜ್ಜನನ್ನು ತಡೆಯುವ ಧೈರ್ಯ ನನಗಿಲ್ಲ. ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ, ಕುರಿಯ ಜೊತೆ ನೀನೂ ಹೋಗು,” ಎಂದಳು.

ಎಫಿಸಿಯೊನ ಹೊಲದಲ್ಲಿ ಹತ್ತಾರು ಗಾಡಿಗಳು ನಿಂತಿದ್ದವು. ಒಬ್ಬೊಬ್ಬರೂ ಕುರಿ ಇಳಿಸಿ, ಬೇಲಿಯೊಳಗೆ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋಗುತ್ತಿದ್ದರು. ಭಾಷಣವಿಲ್ಲ, ಫೋಟೊ ಇಲ್ಲ. ನಮ್ಮ ಕಡೆ ಆಗಿದ್ದರೆ ಒಂದು ಶಾಮಿಯಾನ, ಒಂದು ಮೈಕು ಬಂದಿರುತ್ತಿತ್ತು. ಎಫಿಸಿಯೊ ಬೇಲಿಯ ಬಾಗಿಲು ಹಿಡಿದು ನಿಂತಿದ್ದ. ಅಜ್ಜ ಹದಿನೇಳನೇ ಕುರಿಯ ಗಂಟೆಯನ್ನು, ಇನ್ನು ಅದು ತನ್ನದಲ್ಲವೆಂಬಂತೆ, ಬಿಚ್ಚಿ ಜೇಬಿಗೆ ಹಾಕಿಕೊಂಡು ಕುರಿಯನ್ನೂ ಮರಿಯನ್ನೂ ಒಳಗೆ ತಳ್ಳಿದ. ಎಫಿಸಿಯೊ ಅದರ ಕೆಚ್ಚಲು ನೋಡಿದ, ಮತ್ತೆ ಅಜ್ಜನ ಮುಖ ನೋಡಿದ.

“ಒದಿತದೇನು?” ಎಂದ.

“ಎಡಕ್ಕ ನಿಂತ್ರ ಒದಿತದ,” ಎಂದ ಅಜ್ಜ.

ಒಂಬತ್ತು ವರ್ಷದ ಮೇಲೆ ಆಡಿದ ಮಾತು ಇಷ್ಟೇ. ಆದರೆ ಅಜ್ಜ ಗಾಡಿ ಹತ್ತಲಿಲ್ಲ. ಅಂಗಿಯ ತೋಳು ಮಡಚಿಕೊಂಡು ಕೊಟ್ಟಿಗೆಯೊಳಗೆ ಹೋದ.

ಕೆಲಸ ಅಲ್ಲಿಂದ ಶುರುವಾಯಿತು. ಹೊಸ ಜಾಗ, ಪರರ ಮರಿ. ಯಾವ ಕುರಿಯೂ ಸುಮ್ಮನೆ ನಿಲ್ಲಲೊಲ್ಲದು. ಹದಿನೇಳು ತನ್ನ ಮರಿಯನ್ನು ಮಾತ್ರ ಬಿಟ್ಟುಕೊಂಡು ಉಳಿದವನ್ನು ತಲೆಯಿಂದ ಹಾಯುತ್ತಿತ್ತು. ನನಗೆ ಮಾಳಪ್ಪ ಕಾಕಾ ನೆನಪಾದ. ತಬ್ಬಲಿ ಮರಿಗೆ ಹಾಲು ಬಿಡಿಸುವಾಗ ಅವನು ಕುರಿಯ ಕೊರಳನ್ನು ಎರಡೂ ಮೊಣಕಾಲ ನಡುವೆ ಹಿಡಿದು, ಅದರ ಹಾಲನ್ನೇ ನಾಲ್ಕು ಹನಿ ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಸವರುತ್ತಿದ್ದ. ಪಶುವೈದ್ಯ ಕಾಲೇಜಿನಲ್ಲಿ ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾನು ಚೂಡಿದಾರದ ಮೇಲೆ ಮಾರಿಯಾಳ ದಪ್ಪ ಕೋಟು ಏರಿಸಿ ಕೆಸರಲ್ಲಿ ಕೂತೆ, ಕುರಿಯ ಕೊರಳು ಹಿಡಿದೆ. ಎಫಿಸಿಯೊ ಒಂದು ತಬ್ಬಲಿ ಮರಿಯನ್ನು ತಂದ, ಅಜ್ಜ ಅದಕ್ಕೆ ಹಾಲು ಸವರಿದ. ಎಫಿಸಿಯೊ ಅದರ ಬಾಯಿಗೆ ಮೊಲೆ ಕೊಟ್ಟ. ಮರಿ ಚೀಪಿತು, ಬಿಟ್ಟಿತು, ಮತ್ತೆ ಚೀಪಿತು. ಸ್ವಲ್ಪ ಹೊತ್ತಿಗೆ ಅದರ ಬಾಲ ಪಟಪಟ ಅಲ್ಲಾಡತೊಡಗಿತು. ಮೂವರೂ ಅದನ್ನೇ ನೋಡುತ್ತಾ ಕೂತೆವು.

ನಾಲ್ಕು ದಿನ ಹೀಗೆಯೇ ಹಿಡಿದು ಕುಡಿಸಿದೆವು. ಐದನೇ ದಿನ ಹೋದಾಗ ಹದಿನೇಳು ನಿಂತುಕೊಂಡು ಮೆಲುಕು ಹಾಕುತ್ತಿತ್ತು, ಕೆಳಗೆ ತನ್ನ ಮರಿ ಒಂದು ಕಡೆ, ಎಫಿಸಿಯೊನ ಮರಿ ಒಂದು ಕಡೆ. ಮೊದಲೆರಡು ಹಸಿವು ತೀರಿಸಿಕೊಂಡ ಮೇಲೆ ಮೂರನೆಯ ಮರಿಗೂ ಕುಡಿಸಿದೆವು. ಆ ವಾರದ ನಂತರ ತಬ್ಬಲಿಗಳಲ್ಲಿ ಇನ್ನೊಂದು ಮಾತ್ರ ಸತ್ತಿತು.

ಕೊನೆಯ ತೂಕ

ನಾನು ಹೊರಡುವ ಮುಂಚಿನ ವಾರ ಗ್ರಾಸಿಯಾಳ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಲಸಿಕೆ ಪಡೆದ ತಾಯಂದಿರ ಮರಿಗಳಲ್ಲಿ ಹೆಚ್ಚಿನವು ಉಳಿದವಕ್ಕಿಂತ ಚೆನ್ನಾಗಿ ಬೆಳೆದಿದ್ದವು. ಹಲವು ತಾಯಂದಿರ ಹಾಲೂ ಏರಿತ್ತು. ಆದರೆ ಕೆಲವು ಕುರಿಗಳಲ್ಲಿ ಪ್ರತಿಕಾಯವೇ ಮೂಡಿರಲಿಲ್ಲ. ಮೂಡಿದ ಎಲ್ಲ ಕುರಿಗಳ ಹಾಲೂ ಏರಿರಲಿಲ್ಲ. ಭರವಸೆ ಇದೆ, ಭರವಸೆಗಿಂತ ಹೆಚ್ಚೇನೂ ಇಲ್ಲ ಎಂದು ಬರೆಯಬೇಕಾಯಿತು. ಹದಿನೇಳನೇ ಕುರಿ ಲೆಕ್ಕದಲ್ಲಿ ಉಳಿದಿದ್ದರೆ ಸರಾಸರಿ ಇನ್ನಷ್ಟು ಚೆಂದ ಕಾಣುತ್ತಿತ್ತು ಎಂದೆ.

ಗ್ರಾಸಿಯಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. “ಒಂದು ಕುರಿ ಹೋದ ಮಾತ್ರಕ್ಕೆ ಬಿದ್ದುಹೋಗುವ ಫಲಿತಾಂಶ, ಕುರಿ ಇದ್ದರೂ ನಿಲ್ಲುತ್ತಿರಲಿಲ್ಲ. ಇನ್ನೂ ದೊಡ್ಡ ಹಿಂಡಿನಲ್ಲಿ ನೋಡಬೇಕು,” ಎಂದಳು. ಪಟ್ಟಿಯಲ್ಲಿ ಹದಿನೇಳರ ಎದುರಿಗೆ ‘ನೆರೆಯವರಿಗೆ ಕೊಡಲಾಯಿತು’ ಎಂದು ಬರೆದಳು. ವೈಜ್ಞಾನಿಕ ವರದಿಯೊಂದರಲ್ಲಿ ನಾನು ಓದಿದ ಅತ್ಯಂತ ಒಳ್ಳೆಯ ಸಾಲು ಅದು.

ಹೊರಡುವ ದಿನ ಎಫಿಸಿಯೊನ ಮರಿಗಳನ್ನೂ ತೂಗಿದೆ. ಯಾರೂ ಕೇಳಿರಲಿಲ್ಲ, ಯಾವ ಪಟ್ಟಿಗೂ ಬೇಕಿರಲಿಲ್ಲ. ಹದಿನೇಳರ ಹಾಲು ಕುಡಿದ ಮೂರೂ ಮರಿಗಳ ತೂಕವನ್ನು ನನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡು ಬಂದೆ. ಅಲ್ಲಿಂದ ತಂದ ವಸ್ತುಗಳಲ್ಲಿ ಈಗಲೂ ಆಗಾಗ ತೆಗೆದು ನೋಡುವುದು ಅದೊಂದನ್ನೇ.

ಕಿಣ್ಣಿ ಸುಲ್ತಾನ

ಊರಿಗೆ ಬಂದ ಮೇಲೆ ಕಲಬುರಗಿಯ ಸಭೆಯಲ್ಲಿ ಮೇಲಧಿಕಾರಿಗಳು ಹಾಲು ಎಷ್ಟು ಏರಿತು, ತೂಕ ಎಷ್ಟು ಏರಿತು ಎಂದು ಕೇಳಿದರು, ಹೇಳಿದೆ. ನಮ್ಮ ನಡೆದಾಡುವ ಕುರಿಗಳಿಗೆ ಬೇಸಿಗೆಯಲ್ಲಿ ಮೇವು ಸಾಲದಿದ್ದಾಗ ಹಾಲು ಮಾತ್ರ ಏರಿಸಿದರೆ ತಾಯಿ ಬಡವಾಗಬಹುದು, ಮೇವಿನ ಏರ್ಪಾಡು ಮಾಡಿಯೇ ಪ್ರಯೋಗ ಮಾಡಬೇಕು ಎಂದೂ ಹೇಳಿದೆ. ಅನುಮತಿಗೆ ಕಾಗದ ಹೋಯಿತು.

ಆಮೇಲೆ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಕುರಿಗಾರರ ಜೊತೆ ಮಾತಾಡಲು ಹೋದೆ. ಬೇವಿನ ಮರದ ಕೆಳಗೆ ಹದಿನೈದು ಇಪ್ಪತ್ತು ಮಂದಿ ಕೂತಿದ್ದರು. ಮೂಗುದಾಣದ ಉದಾಹರಣೆ ಕೊಟ್ಟು ಲಸಿಕೆಯ ವಿಷಯ ತಿಳಿಸಿದೆ. ತಲೆ ಅಲ್ಲಾಡಿಸಿದರು. ಎಫಿಸಿಯೊನ ಕಥೆ ಶುರುಮಾಡಿದಾಗ ಮಾತ್ರ ಬೀಡಿ ಸೇದುವವರೂ ಕೈ ನಿಲ್ಲಿಸಿದರು. ಮರಿಗಳು ಕೂಗುತ್ತಾ ಓಡಿದ್ದನ್ನು ಹೇಳಿದಾಗ ಒಬ್ಬ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನೋಡ್ರಿ, ಆ ದೇಶದಾಗ ಎಂಥಾ ಪದ್ಧತಿ ಅದ!” ಎಂದು ನಾನು ಮುಗಿಸಿದೆ.

ಎಲ್ಲರಿಗಿಂತ ಹಿರಿಯ ನಿಂಗಪ್ಪ ಕಾಕಾ ಮೆಲ್ಲಗೆ ನಕ್ಕ.

“ಅದೇನ ಹೊಸಾದ್ರಿ ಡಾಕ್ಟರ್ ಬಾಯಿ? ನಮ್ಮಪ್ಪನ ಹಿಂಡಿಗಿ ಸಿಡ್ಲ ಬಡದಿತ್ತು. ಬೀಗರು, ಅಣ್ಣತಮ್ಮರು, ಸುತ್ತಮುತ್ತ ಹಟ್ಟಿಯವರು ಒಂದೊಂದ ತಂದ ಬಿಟ್ರು. ಅಲ್ಲಿ ಮೇಯ್ಯಾಕತ್ತಾವಲ್ಲ, ಅವು ಎಲ್ಲಾ ಆ ಕುರಿಗೋಳ ತಳಿನೇ.”

“ಇಷ್ಟ ವರ್ಷ ಇಲ್ಲೇ ಅಡ್ಡಾಡ್ತೇನಿ ಕಾಕಾ. ನನಗ ಗೊತ್ತಽ ಇರಲಿಲ್ಲ.”

“ಹೆಂಗ ಗೊತ್ತಾಗ್ಬೇಕ್ರಿ? ನೀವು ಗಾಡಿ ಇಳಿತೀರಿ, ಸೂಜಿ ಹಾಕ್ತೀರಿ, ಗಾಡಿ ಹತ್ತತೀರಿ. ಕೂತು ಕೇಳಿದ್ರ ಹೇಳ್ತಿದ್ವಿ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವನು ಎದ್ದು ಹಿಂಡಿನ ಕಡೆಗೆ ಹೋಗಿ ಒಂದು ಕುರಿಯ ಕಾಲು ಹಿಡಿದು ಎಳೆದು ತಂದ. ಹೊಸ ಔಷಧಿ ಎಂದರೆ ನಮ್ಮ ಕುರಿಗಾರರು ಮುದಿಯದನ್ನೋ ಕುಂಟುವುದನ್ನೋ ಮುಂದೆ ಮಾಡುವುದು ವಾಡಿಕೆ. ಇದು ಕಪ್ಪಗೆ ಮಿರಮಿರ ಮಿಂಚುವ, ಎದೆ ಅಗಲದ, ಗಬ್ಬದ ಕುರಿ. ಇಡೀ ಹಿಂಡಿನಲ್ಲಿ ಅದರ ಜೋಡಿ ಇರಲಿಲ್ಲ.

“ಹಾಕ್ರಿ ನಿಮ್ಮ ಸೂಜಿ. ಛಲೋದಕ್ಕ ಹಾಕಿದ್ರನಽ ನಿಮಗೂ ಖರೆ ತಿಳಿತದ.”

“ಇನ್ನಾ ಪರವಾನಗಿ ಬಂದಿಲ್ಲ ಕಾಕಾ. ಸೂಜಿ ತಂದಿಲ್ಲ. ಬಂದ ಕೂಡ್ಲೆ ಬರ್ತೇನಿ.”

ನಿಂಗಪ್ಪ ಕಾಕಾ ಕುರಿಯ ಕಾಲು ಬಿಟ್ಟ. ಅದು ಮೈ ಕೊಡವಿಕೊಂಡು ಹಿಂಡಿಗೆ ಸೇರಿತು. ಅವನು ಕಂಬಳಿ ಮಡಚಿ ನನಗೆ ಕೂಡಲು ಹಾಸಿದ.

“ಬರ್ರಿ,” ಎಂದ. “ಸೂಜಿ ಇಲ್ಲದಿದ್ರೂ ಬರ್ರಿ.”